ನಿಮ್ಮ ಹಸಿರು ಚುಕ್ಕಿ ಉರಿಯುತ್ತಲೇ ಇತ್ತು

ಪ್ರೀತಿಯ ಕೀಲಿ ಮಾಮ,

"ನಾಲ್ಕು ಸಾಲು ದಾಟಿದ್ರೆ ಗುಂಪಲ್ಲಿ ಸುರೀಬೇಡ, ಕಾಗದದ ಮೇಲೆ ಬರಿ" ಅಂತ ನೀವು ನನಗೆ ಎಷ್ಟು ಸಲ ಬೈದಿದ್ದೀರೋ. ಒಂದು ಸಲವೂ ಕೇಳಿದವಳಲ್ಲ. ಇವತ್ತು ಕೇಳುತ್ತಿದ್ದೇನೆ. ಅಮ್ಮನ ಇಸ್ತ್ರಿ ಮೇಜಿನ ಮೂಲೆಯಲ್ಲಿ ಕೂತು, ಲಾಂಡ್ರಿಯ ಚೀಟಿ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಕೈಬರಹ ಕಾಗೆ ಕಾಲು ಗುಬ್ಬಿ ಕಾಲು. ನಗುಮುಖ ಹಾಕದೆ ಒಂದು ಸಾಲು ಮುಗಿಸುವುದು ಹೇಗೆ ಅಂತಲೇ ತಿಳಿಯುತ್ತಿಲ್ಲ. ನಗು ಬಂದರೂ ನಗುಮುಖ, ಅಳು ಬಂದರೂ ನಗುಮುಖ ಹಾಕಿಕೊಂಡು ಬೆಳೆದವಳು ನಾನು.

ಮಾಮ, ನೀವು ಹೋಗಿ ಮೂವತ್ತೇಳು ದಿನ. ನನಗೆ ಗೊತ್ತಾಗಿ ಹದಿನೈದು ದಿನ. ನಡುವಿನ ಇಪ್ಪತ್ತೆರಡು ದಿನ ನಾನು ನಿಮ್ಮ ಮೇಲೆ ಮುಖ ಊದಿಸಿಕೊಂಡಿದ್ದೆ. ಆ ಇಪ್ಪತ್ತೆರಡು ದಿನಗಳನ್ನು ಎಲ್ಲಿ ಇಟ್ಟುಕೊಳ್ಳಲಿ ಅಂತ ಗೊತ್ತಾಗದೆ ಈ ಕಾಗದ.

ನನ್ನ ಮೊದಲ ಮೆಸೇಜ್ ನಿಮಗೆ ನೆನಪಿತ್ತು. ಆಗಾಗ ಎತ್ತಿ ತಂದು ನನ್ನ ಕಾಲೆಳೆಯುತ್ತಿದ್ದಿರಿ. ಹದಿನೇಳು ತುಂಬಿದ ವಾರ ನಾನು ಗುಂಪಿಗೆ ಸೇರಿದ್ದು. "ಖಾಲಿ ಕೂರದವರು" ಅನ್ನುವ ಹೆಸರು ನೋಡಿಯೇ ಇಷ್ಟವಾಗಿತ್ತು. ಸೇರಿದ ಎರಡನೇ ನಿಮಿಷಕ್ಕೆ ಬರೆದಿದ್ದೆ: "ಹಲೋ ಎಲ್ರಿಗೂ, ನನ್ ಲ್ಯಾಪ್‌ಟಾಪ್ ಅರ್ಧ ದಿನ ಸುಮ್ನೆ ಬಿದ್ದಿರುತ್ತೆ, ಯಾವ ಪ್ರಾಜೆಕ್ಟಿಗೆ ಕೊಟ್ರೆ ಬೆಸ್ಟ್? ಬೇಗ ಹೇಳಿ ಪ್ಲೀಸ್, ಈಗ್ಲೇ ಶುರು ಮಾಡ್ಬೇಕು." ಹತ್ತು ಜನ ಹತ್ತು ಹೆಸರು ಹೇಳಿದರು. ಒಬ್ಬರು ನಕ್ಷತ್ರ ಅಂದರು, ಒಬ್ಬರು ಔಷಧಿ ಅಂದರು, ಒಬ್ಬರು ನೂರು ವರ್ಷದಾಚೆಯ ಹವಾಮಾನ ಅಂದರು, ಇನ್ನೊಬ್ಬರು ಲಕ್ಷಾಂತರ ಅಂಕಿಗಳಿರುವ ಅವಿಭಾಜ್ಯ ಸಂಖ್ಯೆ ಹುಡುಕು, ಮಜಾ ಇರುತ್ತೆ ಅಂದರು. ನೀವೊಬ್ಬರೇ ವಾಪಸ್ ಪ್ರಶ್ನೆ ಕೇಳಿದ್ದು.

"ಲ್ಯಾಪ್‌ಟಾಪಿನ ಅಡಿಗೆ ಕೈ ಇಟ್ಟು ನೋಡಿದೀಯೇನಮ್ಮ? ಎಷ್ಟು ಬಿಸಿ?"

ನಾನು ನಿಜಕ್ಕೂ ಎದ್ದು ಹೋಗಿ ಕೈ ಇಟ್ಟು ನೋಡಿದೆ. ಬಿಸಿಬಿಸಿ ಇತ್ತು. ಹೇಳಿದೆ. "ಹಾಗಾದ್ರೆ ಮೊದಲು ಅದರ ಧೂಳು ತೆಗಿ. ಆಮೇಲೆ ಜಗತ್ತು ಉದ್ಧಾರ ಮಾಡೋಣ" ಅಂದಿರಿ. ಗುಂಪೆಲ್ಲಾ ನಕ್ಕಿತು. ನನಗೆ ಸಿಟ್ಟೂ ಬಂತು, ನಿಮ್ಮ ಮೇಲೆ ಇಷ್ಟವೂ ಬಂತು. ಅವತ್ತೇ ನನಗೆ "ಚಟಾಕಿ" ಅಂತ ಹೆಸರಿಟ್ಟವರು ನೀವು. "ಹಚ್ಚೋ ಮುಂಚೇನೇ ಸಿಡಿಯುತ್ತೆ ಇದು" ಅಂತ.

ನಾವು ಮಾಡುವುದು ಏನು ಅಂತ ಅಮ್ಮನಿಗೆ ಅರ್ಥ ಮಾಡಿಸುವುದಕ್ಕೆ ಒಂದು ತಿಂಗಳು ಹಿಡಿಯಿತು. ಕೊನೆಗೆ ಲಾಂಡ್ರಿಯ ಭಾಷೆಯಲ್ಲೇ ಹೇಳಿದೆ. "ನೋಡಮ್ಮ, ನಿನ್ನ ಲಾಂಡ್ರಿಯಲ್ಲಿ ಒಗೆಯೋ ಮೆಷಿನ್ ಖಾಲಿ ಇದ್ದಾಗ ಯಾವುದೋ ದೊಡ್ಡ ಆಸ್ಪತ್ರೆಯ ಗಂಟಿನಿಂದ ಎರಡೇ ಎರಡು ಹಾಸಿಗೆ ಬಟ್ಟೆ ತಗೊಂಡು ಒಗೆದು ವಾಪಸ್ ಕಳಿಸ್ತೀಯ ಅಂದ್ಕೋ. ಹಾಗೇ ಲಕ್ಷ ಜನ ಎರಡೆರಡು ಒಗೆದ್ರೆ ಗಂಟೆಲ್ಲಾ ಮುಗಿಯುತ್ತಲ್ಲ. ವಿಜ್ಞಾನಿಗಳ ಹತ್ರ ದೊಡ್ಡ ಲೆಕ್ಕದ ಗಂಟು ಇದೆ. ನಮ್ಮ ಕಂಪ್ಯೂಟರ್ ಖಾಲಿ ಇದ್ದಾಗ ಒಂದೊಂದು ತುಂಡು ತಗೊಂಡು ಲೆಕ್ಕ ಮಾಡಿ ಕಳಿಸುತ್ತೆ." ಅಮ್ಮ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ನನ್ನನ್ನೇ ನೋಡಿ, "ಮನೇಲಿ ಕುಡಿದ ಲೋಟ ತೊಳೆಯೋಕೆ ಆಗಲ್ಲ, ಆಕಾಶದಲ್ಲಿ ನಕ್ಷತ್ರ ತೊಳೀತಾಳಂತೆ ನನ್ ಮಗಳು" ಅಂದಳು. ಇದನ್ನು ಗುಂಪಿನಲ್ಲಿ ಹಾಕಿದಾಗ ನೀವು ಒಂದು ವಾರ ನನ್ನನ್ನು ಲೋಟ ಅಂತಲೇ ಕರೆದಿರಿ.

ಪ್ರಾಜೆಕ್ಟ್ ಆರಿಸುವುದು ಹೇಗೆ ಅಂತ ನನಗೆ ಕಲಿಸಿದವರು ನೀವು. ಉಳಿದವರು ಅಂಕಪಟ್ಟಿ ನೋಡುತ್ತಿದ್ದರು: ಯಾವುದರಲ್ಲಿ ಅಂಕ ಜಾಸ್ತಿ, ಯಾವುದರಲ್ಲಿ ಹೆಸರು ಬೇಗ ಮೇಲಕ್ಕೆ ಬರುತ್ತೆ. ನೀವು ಮೂರು ಪ್ರಶ್ನೆ ಕೇಳು ಅಂದಿರಿ. ಯಾರು ನಡೆಸ್ತಿದಾರೆ? ಉತ್ತರ ಸಿಕ್ಕಿದ್ರೆ ಯಾರ ಕೈಗೆ ಹೋಗುತ್ತೆ, ಎಲ್ಲರಿಗೂ ಸಿಗುತ್ತಾ, ಇಲ್ಲಾ ಯಾರದ್ದೋ ಪೆಟ್ಟಿಗೆ ಸೇರುತ್ತಾ? ಮೂರನೆಯದು, ಯಾಕೆ? ನಾನು ಕೇಳಿದ್ದೆ, "ಯಾಕೆ ಅಂದ್ರೆ ಏನು ಮಾಮ, ಅದೇನ್ ಪ್ರಶ್ನೆ?" "ನೀನು ಯಾಕೆ ಅದಕ್ಕೇ ಕೊಡ್ತೀಯ ಅಂತ. ಒಂದು ಮಾತಲ್ಲಿ ಹೇಳೋಕೆ ಬರಲಿಲ್ಲ ಅಂದ್ರೆ ಬೇಡ ಬಿಡು."

ನೀವು ಬೀಗ ರಿಪೇರಿ ಮಾಡುವವರು, ಕೀಲಿ ಕೊರೆಯುವವರು ಅಂತ ಗೊತ್ತಾದದ್ದು ಆಮೇಲೆ. ಔಷಧಿ ಪ್ರಾಜೆಕ್ಟ್ ಅಂದರೇನು ಅಂತ ನಾನು ಕೇಳಿದ ದಿನ. "ರೋಗ ಅನ್ನೋದು ಒಂದು ಬೀಗ ಅಂದ್ಕೋ. ಔಷಧಿ ಅನ್ನೋದು ಕೀಲಿ. ಕೋಟಿ ಕೀಲಿ ಇದೆ, ಯಾವುದು ಕೂರುತ್ತೆ ಅಂತ ಗೊತ್ತಿಲ್ಲ. ಒಂದೊಂದೇ ಹಾಕಿ ತಿರುಗಿಸಿ ನೋಡೋದು. ಅಷ್ಟೇ ಕಣೆ, ನಾನು ಅಂಗಡೀಲಿ ಮಾಡೋದನ್ನೇ ಕಂಪ್ಯೂಟರೂ ಮಾಡುತ್ತೆ." ಆಮೇಲೆ ಒಂದು ಫೋಟೋ ಹಾಕಿದಿರಿ. ಬಿಸ್ಕತ್ತಿನ ಹಳೇ ಡಬ್ಬಿ, ಅದರ ತುಂಬಾ ತಪ್ಪು ಕೊರೆದ ಕೀಲಿಗಳು. ಎಸೆಯಲ್ವಾ ಅಂದೆ. "ಹೊಂದಲಿಲ್ಲ ಅಂತ ಗೊತ್ತಾಗೋದೂ ಕೆಲಸಾನೇ ಅಲ್ವೇನೆ? ಇವೆಲ್ಲಾ ನನ್ನ ಕೆಲಸ" ಅಂದಿರಿ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಯಾರೋ ಬಿಸಾಕಿದ ಕಂಪ್ಯೂಟರುಗಳ ಭಾಗ ಜೋಡಿಸಿ ಮೂರು ಮೆಷಿನ್ ಮಾಡಿಕೊಂಡಿದ್ದಿರಿ. ದೊಡ್ಡಪ್ಪ, ಗೊರಕೆ, ಪುಟ್ಟಿ. ಗೊರಕೆಯ ಫ್ಯಾನಿನ ಸದ್ದನ್ನು ಒಮ್ಮೆ ರೆಕಾರ್ಡ್ ಮಾಡಿ ಕಳಿಸಿದ್ದಿರಿ. ನಿಜಕ್ಕೂ ಊಟ ಮಾಡಿ ಮಲಗಿದ ಗಂಡಸರ ಹಾಗೇ ಇತ್ತು. ಮೂರೂ ಸೇರಿ ನಮ್ಮ ಮೂವತ್ತೊಂದು ಜನರ ಗುಂಪಿನಲ್ಲಿ ನಿಮ್ಮದೇ ಜೋರು. ಆ ಮೂರನ್ನೂ ನೀವು ಕೊಟ್ಟಿದ್ದು ಮಾತ್ರ ಯಾರೂ ಕೇಳಿರದ ಒಂದು ಚಿಕ್ಕ ಪ್ರಾಜೆಕ್ಟಿಗೆ. ಮಕ್ಕಳಿಗೆ ಬರುವ ಒಂದು ಅಪರೂಪದ ರೋಗ, ಅದಕ್ಕೆ ಕೀಲಿ ಹುಡುಕುವ ಇಬ್ಬರೇ ಇಬ್ಬರು ಸಂಶೋಧಕರು, ಜಗತ್ತಿನಲ್ಲೆಲ್ಲಾ ಸೇರಿ ಅವರಿಗೆ ಉಳಿದಿದ್ದದ್ದು ನೂರ ನಲವತ್ತು ಮೆಷಿನ್. ನಿಮ್ಮ ಮನೆಯಲ್ಲೇ ಯಾವುದೋ ಮಗು ಹಾಗೆ ಹೋಗಿರಬೇಕು ಅಂತ ನಾನು ಮನಸ್ಸಿನಲ್ಲೇ ಒಂದು ದೊಡ್ಡ ಕತೆ ಕಟ್ಟಿಕೊಂಡಿದ್ದೆ. ಕೇಳುವ ಧೈರ್ಯ ಆಗಲಿಲ್ಲ.

ಮಾಮ, ಈಗ ಹಸಿರು ಚುಕ್ಕಿಯ ವಿಷಯ. ಇದನ್ನು ಹೊರಗಿನವರಿಗೆ ಹೇಳಿದರೆ ಹುಚ್ಚರು ಅಂದುಕೊಳ್ಳುತ್ತಾರೆ. ಗುಂಪಿನ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರಿನ ಪಕ್ಕ ಒಂದು ಚುಕ್ಕಿ. ಕಳೆದ ಇಪ್ಪತ್ನಾಲ್ಕು ಗಂಟೆಯಲ್ಲಿ ಅವರ ಮೆಷಿನ್ ಏನಾದರೂ ಲೆಕ್ಕ ಕಳಿಸಿದ್ದರೆ ಹಸಿರು, ಇಲ್ಲದಿದ್ದರೆ ಬೂದಿ. ನಮ್ಮಲ್ಲಿ ಯಾರೂ ಯಾರನ್ನೂ "ಹೇಗಿದ್ದೀರಿ" ಅಂತ ಕೇಳುತ್ತಿರಲಿಲ್ಲ. ಚುಕ್ಕಿ ನೋಡಿಕೊಂಡರೆ ಸಾಕು. ಬಸ್ ಕಂಡಕ್ಟರ್ ಅಣ್ಣ ಆಸ್ಪತ್ರೆ ಸೇರಿದಾಗ ಚುಕ್ಕಿ ಬೂದಿಯಾದದ್ದು ನೋಡಿ ಫೋನ್ ಮಾಡಿದವರು ನೀವೇ. "ಮೆಷಿನ್ ಉಸಿರಾಡ್ತಿದ್ರೆ ಮನುಷ್ಯ ಚೆನ್ನಾಗಿದಾನೆ ಅಂತ ಅರ್ಥ" ಅನ್ನುವುದು ನಮ್ಮ ಗುಂಪಿನ ಮಾತೇ ಆಗಿಹೋಗಿತ್ತು. ನಾನು ಅದನ್ನು ಪೂರ್ತಿ ನಂಬಿದ್ದೆ.

ಆಮೇಲೆ ಓಟ ಬಂತು.

ವರ್ಷಕ್ಕೊಮ್ಮೆ ಹದಿನಾಲ್ಕು ದಿನ, ಎಲ್ಲಾ ದೇಶದ ಗುಂಪುಗಳೂ ಒಂದೇ ಪ್ರಾಜೆಕ್ಟಿಗೆ ಮೆಷಿನ್ ತಿರುಗಿಸಿ ಅಂಕಕ್ಕೆ ಪೈಪೋಟಿ. ಈ ಸಲ ಪ್ರಾಜೆಕ್ಟ್ ಬಂದದ್ದು ನನ್ನದು, ನನ್ನ ಪ್ರಾಣ: ಸತ್ತ ಮೇಲೂ ಗಿರಗಿರ ತಿರುಗುತ್ತಾ ಟಿಕ್ ಟಿಕ್ ಅಂತ ಸದ್ದು ಕಳಿಸುವ ನಕ್ಷತ್ರಗಳನ್ನು ಹುಡುಕುವುದು. ಗುಂಪು ನನ್ನನ್ನೇ ಓಟದ ಉಸ್ತುವಾರಿ ಮಾಡಿತು. ನನಗೆ ಕೋಡು ಮೂಡಿತು ಅನ್ನಿ. ಹೋದ ವರ್ಷ ನಮ್ಮದು ಇನ್ನೂರ ಹನ್ನೆರಡನೇ ಜಾಗ. ಇನ್ನೂರರೊಳಗೆ ಬಂದರೆ ಮೊದಲ ಪುಟದಲ್ಲಿ ಗುಂಪಿನ ಹೆಸರು. ಅದಕ್ಕೆ ನಿಮ್ಮ ಮೂರು ಮೆಷಿನ್ ಬೇಕೇ ಬೇಕು.

ನೀವು ಒಪ್ಪಲಿಲ್ಲ. "ಅಲ್ಲಿ ಇರೋದೇ ನೂರ ನಲವತ್ತು ಕಣೆ. ಮೂರು ಎದ್ದು ಬಂದ್ರೆ ಗೊತ್ತಾಗುತ್ತೆ. ನಿಮ್ಮ ನಕ್ಷತ್ರಕ್ಕೆ ಜನ ಬೇಕಾದಷ್ಟಿದಾರೆ" ಅಂದಿರಿ. ಎರಡು ದಿನ ಬೇಡಿಕೊಂಡೆ. ಮೂರನೇ ದಿನ ಸಿಡಿದೆ. ಗುಂಪಿನಲ್ಲಿ, ಎಲ್ಲರ ಮುಂದೆ ಬರೆದೆ. ಆ ಮೆಸೇಜನ್ನು ಅಳಿಸಿಲ್ಲ. ಈಗ ಅಳಿಸಿದರೆ ನಿಮಗೆ ಮಾಡಿದ್ದನ್ನು ಮುಚ್ಚಿಟ್ಟ ಹಾಗೆ ಅನ್ನಿಸುತ್ತೆ. ಬರೆದದ್ದು ಇಷ್ಟು: "ಬಿಡಿ ಮಾಮ, ಯಾರಿಗೂ ಬೇಡವಾದ ಬೀಗಕ್ಕೆ ಕೀಲಿ ತೇಯ್ತಾ ಕೂತಿರಿ. ನಿಮ್ಮ ಅಂಗಡಿಗೂ ಜನ ಬರಲ್ಲ, ನಿಮ್ಮ ಪ್ರಾಜೆಕ್ಟಿಗೂ ಜನ ಬರಲ್ಲ. ಎರಡೂ ಒಟ್ಟಿಗೇ ಮುಚ್ಚಿ." ಜೊತೆಗೆ ಮೂರು ನಗುಮುಖ. ಹತ್ತೊಂಬತ್ತು ಜನ ನಕ್ಕರು.

ಮಾರನೇ ದಿನ, ಓಟ ಶುರುವಾಗುವ ಸಂಜೆ, ನನಗೊಬ್ಬಳಿಗೇ ಮೆಸೇಜ್ ಬಂತು. "ಸರಿ ಚಟಾಕಿ, ಬರ್ತೀನಿ. ದೊಡ್ಡಪ್ಪ, ಪುಟ್ಟಿ ರೆಡಿ. ಗೊರಕೆ ಹತ್ರ ಒಂದು ತುಂಡು ಬಾಕಿ ಇದೆ, ತೊಂಬತ್ನಾಲ್ಕು ಪರ್ಸೆಂಟ್ ಆಗಿದೆ. ಇನ್ನು ಆರು ಗಂಟೆ. ಮುಗಿಸಿ ಬರ್ಲಾ?"

ಕೈಯಲ್ಲಿರುವುದನ್ನು ಮುಗಿಸದೆ ನೀವು ಪ್ರಾಜೆಕ್ಟ್ ಬದಲಾಯಿಸಿದವರೇ ಅಲ್ಲ. ಅದು ನನಗೆ ಗೊತ್ತಿತ್ತು. ಮೊದಲು "ಹೊಸ ಕೆಲಸ ಬೇಡ" ಅನ್ನುವ ಬಟನ್ ಒತ್ತು, ತಟ್ಟೆಯಲ್ಲಿರೋದನ್ನ ಮುಗಿಸು, ಆಮೇಲೆ ಏಳು ಅಂತ ನನಗೇ ಹೇಳಿಕೊಟ್ಟಿದ್ದಿರಿ. ಆದರೂ ನಾನು ಬರೆದೆ: "ಬಾಕಿ ಗೀಕಿ ಎಲ್ಲಾ ಆಮೇಲೆ ಮಾಮ. ಆರು ಗಂಟೆ ಅಂದ್ರೆ ಎಷ್ಟ್ ಅಂಕ ಗೊತ್ತಾ? ತಡೆ ಬಟನ್ ಒತ್ತಿ ಬನ್ನಿ. ಎಲ್ಲಿಗೂ ಓಡಿ ಹೋಗಲ್ಲ ಅದು."

"ಆಯ್ತಮ್ಮ" ಅಂದಿರಿ.

ಆ "ಆಯ್ತಮ್ಮ" ನಿಮ್ಮ ಕೊನೇ ಮಾತು ನನಗೆ.

ಮೂರೂ ಮೆಷಿನ್ ಓಟಕ್ಕೆ ಬಂದವು. ನಾನು ಗುಂಪಿನಲ್ಲಿ "ಕೊನೆಗೂ ಕೀಲಿ ತಿರುಗಿತು!" ಅಂತ ಹಾಕಿ ಕುಣಿದಾಡಿದೆ. ನಾಲ್ಕನೇ ದಿನದಿಂದ ನನ್ನ ಮೆಸೇಜುಗಳಿಗೆ ಒಂದೇ ಟಿಕ್. ಫೋನ್ ಆಫ್. ಬೇಕಂತಲೇ ಆಫ್ ಮಾಡಿಕೊಂಡಿದ್ದಾರೆ, ಅಂಗಡಿ ಮುಚ್ಚಿ ಅಂದದ್ದಕ್ಕೆ ಮುನಿಸು ಅಂದುಕೊಂಡೆ. ಪಟ್ಟಿ ತೆಗೆದು ನೋಡಿದೆ, ನಿಮ್ಮ ಚುಕ್ಕಿ ಹಸಿರು. ಅಂಕ ಏರುತ್ತಾ ಇದೆ. ಓಹೋ, ಚೆನ್ನಾಗೇ ಇದ್ದಾರೆ, ನನ್ನ ಹತ್ತಿರ ಮಾತ್ರ ಮಾತಿಲ್ಲ. ಇರಲಿ, ನನಗೂ ರೋಷ ಇದೆ ಅಂದುಕೊಂಡೆ. ಐದನೇ ದಿನವೂ ಹಸಿರು. ಎಂಟನೇ ದಿನವೂ ಹಸಿರು. ಒಂಬತ್ತನೇ ದಿನ ಬೆಳಿಗ್ಗೆ ಅಮ್ಮ ಕೇಳಿದಳು, "ಏನೇ, ನಿನ್ ಬೀಗದ ಮಾಮ ಈಗೀಗ ಬೈಯೋದೇ ಇಲ್ವಲ್ಲ, ಹುಷಾರಾಗಿದಾರಾ? ಒಂದ್ ಫೋನ್ ಮಾಡೇ ಬೇರೆ ನಂಬರ್ ಇದ್ರೆ." ನಾನು ಪರದೆ ತಿರುಗಿಸಿ ಅಮ್ಮನಿಗೆ ತೋರಿಸಿದೆ. "ನೋಡಮ್ಮ, ಹಸಿರು. ಕಲ್ಲುಗುಂಡಿನ ಹಾಗಿದಾರೆ."

ಅವತ್ತಿಗೆ ನೀವು ಹೋಗಿ ಐದು ದಿನ ಆಗಿತ್ತು ಮಾಮ.

ಓಟ ಮುಗಿಯಿತು. ನಮಗೆ ನೂರ ತೊಂಬತ್ತೇಳನೇ ಜಾಗ. ಕೊನೇ ಹತ್ತು ದಿನದಲ್ಲಿ ಅತಿ ಹೆಚ್ಚು ಅಂಕ ತಂದವರು ನೀವು. ಒಂದು ನಿಮಿಷವೂ ನಿಲ್ಲದೆ, ಯಾರೂ ಮುಟ್ಟದೆ, ಯಾರೂ ಬೇರೆ ಕೆಲಸಕ್ಕೆ ಬಳಸದೆ ಓಡಿದ ಮೆಷಿನ್ ನಿಮ್ಮದೊಂದೇ. ಯಾಕೆ ಅಂತ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಕೂತು ಪೋಸ್ಟರ್ ಮಾಡಿದೆ. ನಿಮ್ಮ ಹೆಸರಿಗೆ ಕಿರೀಟ ಹಾಕಿ, ಸುತ್ತಾ ಪಟಾಕಿ ಬಿಡಿಸಿ, "ಓಟದ ಹೀರೋ ನಮ್ಮ ಕೀಲಿ ಮಾಮ" ಅಂತ ದಪ್ಪ ಅಕ್ಷರದಲ್ಲಿ. ಕೆಳಗೆ ಸಣ್ಣದಾಗಿ "ಮುನಿಸು ಬಿಡಿ ಮಾಮ" ಅಂತಲೂ ಬರೆದಿದ್ದೆ. ನನ್ನ ಪ್ರಕಾರ ಅದೇ ಕ್ಷಮಾಪಣೆ. ನೇರವಾಗಿ ತಪ್ಪಾಯ್ತು ಅನ್ನುವುದಕ್ಕೆ ನಾಲಿಗೆ ಹೊರಳಲಿಲ್ಲ.

ಪೋಸ್ಟರ್ ಹಾಕಿ ಹನ್ನೆರಡನೇ ದಿನ ಮಧ್ಯಾಹ್ನ ನಿಮ್ಮ ನಂಬರಿನಿಂದ ಗುಂಪಿಗೆ ಮೆಸೇಜ್ ಬಂತು. "ಕೀಲಿ ಮಾಮ ಟೈಪ್ ಮಾಡುತ್ತಿದ್ದಾರೆ" ಅಂತ ಕಂಡಾಗ ನಾನು ಕೂಗಿದ್ದಕ್ಕೆ ಅಮ್ಮ ಇಸ್ತ್ರಿ ಪೆಟ್ಟಿಗೆ ಕೈಬಿಟ್ಟಳು. ಆಮೇಲೆ ಸಾಲು ಬಂತು.

"ಎಲ್ಲರಿಗೂ ನಮಸ್ಕಾರ. ನಾನು ಇವರ ತಂಗಿ. ಅಣ್ಣ ಹೋಗಿ ಇಪ್ಪತ್ತೆರಡು ದಿನ ಆಯ್ತು. ಫೋನ್ ಇವತ್ತು ಚಾರ್ಜಿಗೆ ಹಾಕಿದೆ. ಇದರಲ್ಲಿ ನಾನೂರು ಮೆಸೇಜ್ ಇದೆ. ಓಟದ ಹೀರೋ ಅಂದ್ರೆ ಏನು? ಅಣ್ಣನಿಗೆ ಮಂಡಿ ನೋವು, ಓಡ್ತಿರಲಿಲ್ಲ. ಯಾರಾದ್ರೂ ಹೇಳ್ತೀರಾ?"

ಮೂವತ್ತು ಜನ ಓದಿದ್ದೇವೆ ಅಂತ ತೋರಿಸುತ್ತಿತ್ತು. ನಾನು ಪಟ್ಟಿ ತೆಗೆದೆ. ನಿಮ್ಮ ಹೆಸರು. ಪಕ್ಕದಲ್ಲಿ ಹಸಿರು.

ನಾನೇ ಫೋನ್ ಮಾಡಿದೆ. ನಿಮ್ಮ ತಂಗಿ ಎಲ್ಲಾ ಹೇಳಿದರು. ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ, ಕೈಯಲ್ಲಿ ಕೀಲಿ ಉಜ್ಜುವ ಅರ ಇತ್ತಂತೆ. ಪಕ್ಕದ ಚಪ್ಪಲಿ ಅಂಗಡಿಯವರು ನೋಡಿದರಂತೆ. ಎಲ್ಲಾ ಮುಗಿಸಿ, ಶಟರ್ ಎಳೆದು, ನಿಮ್ಮ ತಂಗಿ ಅವರ ಊರಿಗೆ ಹೋಗಿಬಿಟ್ಟಿದ್ದರು. ಹಿಂದಿನ ಕೋಣೆಯ ಬಾಗಿಲು ಯಾರೂ ತೆಗೆದಿರಲಿಲ್ಲ. "ಇವತ್ತು ಖಾಲಿ ಮಾಡೋಣ ಅಂತ ಬಂದೆ ಕಣಮ್ಮ. ಬಾಗಿಲು ತೆಗೆದ್ರೆ ಒಳಗೆ ಬೆಚ್ಚಗಿದೆ. ಯಾರೋ ಮಲಗಿ ಗೊರಕೆ ಹೊಡೀತಿರೋ ಹಾಗೆ ಸದ್ದು. ಅಣ್ಣ ಅಂತ ಕರೆದೇಬಿಟ್ಟೆ."

ಆಮೇಲೆ ಅವರು ಮೂರನ್ನೂ ಆಫ್ ಮಾಡಿದರಂತೆ. ಮಾರನೇ ದಿನ ಇದೇ ಹೊತ್ತಿಗೆ ನಿಮ್ಮ ಚುಕ್ಕಿ ಬೂದಿಯಾಗಬೇಕಿತ್ತು. ನಾನು ಪರದೆ ಮುಂದೆ ಕೂತೇ ಇದ್ದೆ. ಆಯಿತು. ಅಷ್ಟು ಚಿಕ್ಕ ಚುಕ್ಕಿ ಮಾಮ, ಉಗುರಿನ ಕಾಲು ಭಾಗವೂ ಇಲ್ಲ.

ಅವತ್ತು ನೆನಪಾಯಿತು. ಗೊರಕೆಯ ತುಂಡು. ತೊಂಬತ್ನಾಲ್ಕು ಪರ್ಸೆಂಟ್.

ಅದರ ಗಡುವು ಎಂದೋ ದಾಟಿತ್ತು. ಗಡುವು ದಾಟಿದ ತುಂಡನ್ನು ಇನ್ನೊಂದು ಮೆಷಿನ್ನಿಗೆ ಕಳಿಸುತ್ತಾರೆ. ಆದರೆ ಇದ್ದದ್ದು ನೂರ ನಲವತ್ತೇ ಮೆಷಿನ್, ಅದರಲ್ಲೂ ಮೂರು ಎದ್ದು ಬಂದಿದ್ದವು. ಇನ್ನೂ ಯಾರ ಸರದಿಯೂ ಬಂದಿಲ್ಲದಿದ್ದರೆ, ತಡವಾಗಿ ಕಳಿಸಿದರೂ ತೆಗೆದುಕೊಳ್ಳುತ್ತಾರೆ. ಅದೊಂದೇ ಆಸೆ. ನಿಮ್ಮ ತಂಗಿಗೆ ಫೋನ್ ಮಾಡಿ, "ಆಂಟಿ, ಆ ಮೆಷಿನ್ ಮಾರಬೇಡಿ, ಆರು ಗಂಟೆ ನನಗೆ ಕೊಡಿ" ಅಂದೆ. "ಅಕ್ಕ ಅನ್ನು, ಆಂಟಿ ಅಂದ್ರೆ ಕೊಡಲ್ಲ" ಅಂದರು. ನಿಮ್ಮ ತಂಗಿಯೇ ಸರಿ. ಆದರೆ ಅವರು ಆ ವಾರವೆಲ್ಲಾ ಊರಲ್ಲಿರಲಿಲ್ಲ, ಶನಿವಾರ ಬಾ ಅಂದರು.

ಹೋದ ಶನಿವಾರ ಹೋಗಿದ್ದೆ ಮಾಮ. ಮೂರು ವರ್ಷದ ಪರಿಚಯ, ನಿಮ್ಮ ಅಂಗಡಿ ಮೊದಲ ಸಲ ನೋಡಿದೆ. ಎರಡು ಬಸ್ ಬದಲಾಯಿಸಿದರೆ ಸಾಕು, ಇಷ್ಟು ಹತ್ತಿರ ಇದ್ದಿರಿ. ಚಪ್ಪಲಿ ಅಂಗಡಿಗೂ ಮೆಟ್ಟಿಲಿಗೂ ನಡುವೆ, ಎರಡು ಜನ ಅಕ್ಕಪಕ್ಕ ನಿಲ್ಲಲಾಗದಷ್ಟು ಅಗಲ. ಗೋಡೆಯ ತುಂಬಾ ಮೊಳೆ, ಮೊಳೆಯ ತುಂಬಾ ಕೀಲಿ. ಕುರ್ಚಿಯ ಮೇಲಿನ ದಿಂಬು ಇನ್ನೂ ನೀವು ಕೂತ ಹಾಗೇ ಕುಗ್ಗಿತ್ತು. ಅದರ ಮೇಲೆ ಕೂರಲಾಗಲಿಲ್ಲ. ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತು ಗೊರಕೆಯ ಬಟನ್ ಒತ್ತಿದೆ. ಪಾಸ್‌ವರ್ಡ್ ಕೇಳಲೇ ಇಲ್ಲ. ಊರಿಗೆಲ್ಲಾ ಬೀಗ ಹಾಕಿಕೊಟ್ಟವರ ಕಂಪ್ಯೂಟರಿಗೆ ಬೀಗವಿಲ್ಲ ಅಂತ ಅಕ್ಕನೂ ನಾನೂ ನಕ್ಕೆವು.

ನಕ್ಷತ್ರದ ತುಂಡುಗಳ ಉದ್ದನೆಯ ಪಟ್ಟಿಯ ಕೊನೆಯಲ್ಲಿ, ಒಂಟಿಯಾಗಿ, ಅದು ಇತ್ತು. "ತಡೆಹಿಡಿಯಲಾಗಿದೆ. 94%." ತಡೆ ತೆಗೆದೆ. ಗೊರಕೆ ಸದ್ದು ಏರಿತು.

ಆರು ಗಂಟೆ. ಅವತ್ತು ನಿಮಗೆ ಕೊಡದ ಆರು ಗಂಟೆಯನ್ನು ನೆಲದ ಮೇಲೆ ಕೂತು ಕೊಟ್ಟೆ. ನಡುವೆ ಒಬ್ಬ ಹೆಂಗಸು ಬಂದರು, ನರ್ಸ್ ಬಟ್ಟೆಯಲ್ಲಿ. "ಅವರಿಲ್ವಾ? ಕಪಾಟಿನ ಕೀಲಿ ಕೊಟ್ಟು ತಿಂಗಳ ಮೇಲಾಯ್ತು, ನೈಟ್ ಡ್ಯೂಟಿ, ಬರೋಕಾಗಲಿಲ್ಲ." ಅಕ್ಕ ವಿಷಯ ಹೇಳಿದರು. ಆ ಹೆಂಗಸು ಬಾಗಿಲಲ್ಲೇ ನಿಂತು, "ಅಯ್ಯೋ, ಮೊನ್ನೆ ಮೊನ್ನೆ ನನ್ನನ್ನ ಬೈದಿದ್ರು, ಕೀಲಿ ಕಳ್ಕೊಳ್ಳೋದನ್ನೇ ಕಸುಬು ಮಾಡ್ಕೊಂಡಿದೀರಿ ಅಂತ" ಅಂದರು. ಅಕ್ಕ ಮೊಳೆಗಳನ್ನು ತಡಕಿದರು. ಸಿಕ್ಕಿತು. ಕೊರೆದು, ಉಜ್ಜಿ, ಚೀಟಿ ಕಟ್ಟಿ ಇಟ್ಟಿದ್ದಿರಿ. ಕುರ್ಚಿಯ ಮುಂದಿನ ಮೇಜಿನ ಮೇಲೂ ಅರ್ಧಕ್ಕೆ ಬಿಟ್ಟ ಕೀಲಿ ಒಂದೂ ಇರಲಿಲ್ಲ. ಅರ ಕೈಯಲ್ಲಿದ್ದಾಗ ಉಜ್ಜುತ್ತಿದ್ದ ಕೊನೆಯದು ಕೂಡ ಮುಗಿದೇ ಇತ್ತಂತೆ. ಮಾಮ, ನಿಮ್ಮ ಅಂಗಡಿಯಲ್ಲಿ ಅರ್ಧಕ್ಕೆ ನಿಂತಿದ್ದದ್ದು ಒಂದೇ ಒಂದು. ನಾನು ನಿಲ್ಲಿಸಿದ್ದು.

ನಾನು ಅಕ್ಕನನ್ನು ಕೇಳಿದೆ, ನಿಮ್ಮ ಮನೆಯಲ್ಲಿ ಯಾರಿಗಾದರೂ ಆ ರೋಗ ಇತ್ತಾ ಅಂತ. ಅವರಿಗೆ ಅರ್ಥವೇ ಆಗಲಿಲ್ಲ. "ಇಲ್ಲಮ್ಮ, ನಮ್ಮ ಮನೇಲಿ ಎಲ್ಲರೂ ಗಟ್ಟಿ. ಯಾಕೆ?" ಆಮೇಲೆ ಏನೋ ನೆನಪಾಗಿ ಎದ್ದು ಹೋಗಿ, ಕೋಣೆಯ ಬಾಗಿಲ ಹಿಂದಿನ ಹಲಗೆಯನ್ನು ತೋರಿಸಿದರು. "ಇದೇನೋ ಬೇರೆ ಥರ ಚೀಟಿ, ಕೀಲಿ ಇಲ್ಲ. ನಿನ್ನ ಪೈಕಿದಾ ನೋಡು."

ಏಳು ಮೊಳೆ. ಏಳು ಹಿತ್ತಾಳೆ ಬಿಲ್ಲೆ, ಕೀಲಿಗೆ ಕಟ್ಟುವಂಥವು. ಒಂದೊಂದರ ಮೇಲೂ ಉಳಿಯಿಂದ ಸಣ್ಣಗೆ ಕೊರೆದ ಮೂರು ಸಾಲು. ಯಾರು ನಡೆಸುತ್ತಾರೆ, ಉತ್ತರ ಯಾರಿಗೆ, ಯಾಕೆ. ನೀವು ಇಷ್ಟು ವರ್ಷದಲ್ಲಿ ಆರಿಸಿದ ಏಳು ಪ್ರಾಜೆಕ್ಟು. ನನಗೆ ಹೇಳಿದ್ದನ್ನು ನೀವೂ ಮಾಡುತ್ತಿದ್ದಿರಿ, ಪ್ರತಿ ಸಲ. ಆರನೆಯದು ಆ ಮಕ್ಕಳ ರೋಗದ್ದು. ನಾನು ಕಟ್ಟಿಕೊಂಡಿದ್ದ ದೊಡ್ಡ ಕತೆ ಅದರಲ್ಲಿರಲಿಲ್ಲ. "ಯಾಕೆ" ಅನ್ನುವ ಕಡೆ "ಎಲ್ಲರೂ ಬಿಟ್ಟು ಹೋದರು, ಅದಕ್ಕೆ" ಅಂತ ಮಾತ್ರ ಇತ್ತು. ಏಳನೆಯದನ್ನು ನಾನು ಆಮೇಲೆ ನೋಡಿದೆ. ಅದರ ವಿಷಯ ಆಮೇಲೆ ಬರೆಯುತ್ತೇನೆ.

ಮಧ್ಯಾಹ್ನ ಮೂರೂಕಾಲಿಗೆ ನೂರು ಪರ್ಸೆಂಟ್ ಆಯಿತು. ಅಕ್ಕನೂ ನನ್ನ ಪಕ್ಕ ಬಂದು ನೆಲದ ಮೇಲೆ ಕೂತರು. ಉತ್ತರ ಹೋಯಿತು. ಪುಟ ತೆಗೆದೆ. ಒಂದು ಸಾಲು ಬಂತು: "ತಡವಾಗಿ ಬಂದಿದೆ. ಪರಿಗಣಿಸಿಲ್ಲ." ಕೆಳಗೆ ವಿವರ. ಗುರುವಾರವೇ ಇನ್ಯಾರದ್ದೋ ಮೆಷಿನ್ ಆ ತುಂಡನ್ನು ಮುಗಿಸಿ ಕಳಿಸಿತ್ತು. ಹೆಸರಿಲ್ಲ, ಬರೀ ಒಂದು ನಂಬರ್. ಉತ್ತರ: ಹೊಂದಲಿಲ್ಲ.

ನಾನು ಅತ್ತೆ ಮಾಮ. ಜೋರಾಗಿ ಅತ್ತೆ. ಚಪ್ಪಲಿ ಅಂಗಡಿಯವರು ಇಣುಕಿ ನೋಡಿದರು. ಅಕ್ಕ ನನ್ನ ಬೆನ್ನು ಸವರುತ್ತಾ, "ಅಳ್ತೀಯಾಕೆ ಹುಚ್ಚಿ, ಯಾರೋ ಮಾಡಿದ್ರಲ್ಲ. ಕೆಲಸ ನಿಲ್ಲಲಿಲ್ವಲ್ಲ. ಅಣ್ಣನಿಗೆ ಅಷ್ಟೇ ಬೇಕಿದ್ದದ್ದು" ಅಂದರು. ಅದು ನಿಜ. ಆ ಇಬ್ಬರು ಸಂಶೋಧಕರಿಗೆ ಏನೂ ನಷ್ಟವಾಗಲಿಲ್ಲ. ನಿಮ್ಮ ತುಂಡಿಗೆ ಗಡುವು ದಾಟಿದಾಗ ಅದನ್ನು ಎತ್ತಿಕೊಳ್ಳುವುದಕ್ಕೆ ಎಲ್ಲೋ ಒಬ್ಬರಿದ್ದರು. ನನ್ನ ಹತ್ತಿರ ಬಾಕಿ ಉಳಿದಿರುವುದನ್ನು ಯಾರಿಗೆ ಕಳಿಸಲಿ? ನಾನು ನಿಮ್ಮ ಹತ್ತಿರ ತಪ್ಪಾಯ್ತು ಅನ್ನುವ ಕೆಲಸ ಇನ್ಯಾರ ಮೆಷಿನ್ನಿಗೂ ಹೋಗುವುದಿಲ್ಲ.

ಈಗ ಏಳನೇ ಬಿಲ್ಲೆ.

ನೀವು ಓಟಕ್ಕೆ ಬಂದ ಸಂಜೆ ಕೊರೆದದ್ದಿರಬೇಕು, ಹಿತ್ತಾಳೆ ಇನ್ನೂ ಹೊಳೆಯುತ್ತಿತ್ತು. ಮೊದಲ ಸಾಲು: "ಚಟಾಕಿ ಓಟ, ಹದಿನಾಲ್ಕು ದಿನ." ಎರಡನೇ ಸಾಲು: "ಉತ್ತರ ಎಲ್ಲರಿಗೂ." ಮೂರನೇ ಸಾಲಿನಲ್ಲಿ, ಯಾಕೆ ಅನ್ನುವ ಕಡೆ, ಒಂದೇ ಪದ.

"ಕೇಳಿದಳು."

ನಾನು ಬೈದದ್ದನ್ನು ಕೊರೆದಿರಲಿಲ್ಲ. ನಕ್ಕದ್ದನ್ನು, ಹತ್ತೊಂಬತ್ತು ಜನರನ್ನು ಕೊರೆದಿರಲಿಲ್ಲ. ಹೊಟ್ಟೆಗೆ ಹಾಕಿಕೊಂಡುಬಿಟ್ಟಿದ್ದಿರಿ, ಅವತ್ತೇ. ನಾನು ಇಪ್ಪತ್ತೆರಡು ದಿನ ನಿಮ್ಮ ಮುನಿಸಿಗೆ ಕಾಯುತ್ತಾ ಕೂತಿದ್ದೆನಲ್ಲ, ಮುನಿಸು ಇರಲೇ ಇಲ್ಲ.

ಅಕ್ಕ ದೊಡ್ಡಪ್ಪನನ್ನೂ ಪುಟ್ಟಿಯನ್ನೂ ಕಂಡಕ್ಟರ್ ಅಣ್ಣನಿಗೆ ಕೊಟ್ಟರು. ಗೊರಕೆ ನನ್ನ ಜೊತೆ ಬಂತು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಪಕ್ಕದ ಸೀಟಿನವರು "ಏನಮ್ಮ, ಟೀವಿನಾ?" ಅಂದರು. "ಇಲ್ಲ, ನಮ್ಮ ಮಾಮ" ಅಂದುಬಿಟ್ಟೆ. ಅವರು ಸ್ವಲ್ಪ ಸರಿದು ಕೂತರು.

ಗುಂಪಿನಲ್ಲಿ ಎಲ್ಲರೂ ಒಂದೇ ಮಾತು. ಗೊರಕೆಯನ್ನು ನಿಮ್ಮ ಹೆಸರಿನಲ್ಲೇ ಓಡಿಸೋಣ, ನಿಮ್ಮ ಚುಕ್ಕಿ ಯಾವಾಗಲೂ ಹಸಿರಾಗೇ ಇರಲಿ, ಮಾಮ ಉಸಿರಾಡುತ್ತಿರಲಿ ಅಂತ. ನಾನು ಬೇಡ ಅಂದೆ. ಜಗಳವೇ ಆಯಿತು. ಕಂಡಕ್ಟರ್ ಅಣ್ಣ "ನಿನಗೆ ಕರುಳೇ ಇಲ್ವೇನೆ" ಅಂದರು. ಇರಬಹುದು. ಆದರೆ ಆ ಚುಕ್ಕಿ ನನಗೆ ಒಮ್ಮೆ ಸುಳ್ಳು ಹೇಳಿದೆ ಮಾಮ. ಕೋಣೆಯಲ್ಲಿ ಯಾರೂ ಇಲ್ಲದಿದ್ದಾಗ ಇದ್ದಾರೆ ಅಂದಿದೆ. ಇನ್ನೊಮ್ಮೆ ಹೇಳಿಸಲಾರೆ. ಗೊರಕೆ ಈಗ ನನ್ನ ಹೆಸರಿನಲ್ಲಿ ಓಡುತ್ತಿದೆ, ನಿಮ್ಮ ಆ ಚಿಕ್ಕ ಪ್ರಾಜೆಕ್ಟಿಗೆ. ನಿಮ್ಮ ಹೆಸರಿನ ಪಕ್ಕ ಬೂದಿ ಇದೆ. ಅದನ್ನು ದಿನಾ ನೋಡುತ್ತೇನೆ. ಆಮೇಲೆ ಗುಂಪಿನ ಉಳಿದವರಲ್ಲಿ ಒಬ್ಬರಿಗೆ ಫೋನ್ ಮಾಡಿ, ಹೇಗಿದ್ದೀರಿ ಅಂತ ಬಾಯಿಬಿಟ್ಟು ಕೇಳುತ್ತೇನೆ. ಹಸಿರು ಇದ್ದವರನ್ನೇ ಮೊದಲು.

ಅಮ್ಮ ಗೊರಕೆಗೆ ಇಸ್ತ್ರಿ ಮೇಜಿನ ಕೆಳಗೆ ಜಾಗ ಮಾಡಿಕೊಟ್ಟಿದ್ದಾಳೆ. "ಇವರೊಬ್ಬರು ಮನೇಲಿ ಸುಮ್ನೆ ಕೂರದೇ ಕೆಲಸ ಮಾಡೋರು" ಅನ್ನುತ್ತಾಳೆ. ಇವರು ಅಂತಲೇ ಅನ್ನುತ್ತಾಳೆ. ತಪ್ಪು ಕೀಲಿಗಳ ಡಬ್ಬಿಯನ್ನು ಅಕ್ಕ ನನಗೇ ಕೊಟ್ಟರು. ಈ ಕಾಗದವನ್ನು ಅದರೊಳಗೆ ಇಡುತ್ತೇನೆ. ತಡವಾಗಿ ಬಂದಿದೆ, ಪರಿಗಣಿಸದಿದ್ದರೂ ಸರಿ.

ಮಾಮ, ತಪ್ಪಾಯ್ತು.

ಕೈಯಲ್ಲಿದ್ದದ್ದೆಲ್ಲಾ ಮುಗಿದಿದೆ, ನಾನು ನೋಡಿದ್ದೇನೆ. ಇನ್ನು "ಹೊಸ ಕೆಲಸ ಬೇಡ" ಒತ್ತಿ, ನೆಮ್ಮದಿಯಾಗಿ ಮಲಗಿ.

ನಿಮ್ಮನ್ನು ಕೇಳಿದವಳು,
ಚಟಾಕಿ